ಯಂತ್ರದೊಳಗೊಂದು ಯಂತ್ರ: ಲಿನಕ್ಸ್ ಕಲಿಕೆಗೆ ನಿರ್ಭಯವಾದ ಮಾರ್ಗ

ಗಣಕಯಂತ್ರವನ್ನು ಬಹುಕಾಲದಿಂದ ಬಳಸುತ್ತ ಬಂದವರಲ್ಲಿಯೂ ಹೆಚ್ಚಿನವರು, ಅಂಗಡಿಯಿಂದ ತಂದ ದಿನ ಅದರಲ್ಲಿ ಯಾವ ವ್ಯವಸ್ಥೆ ಇತ್ತೋ ಅದೊಂದನ್ನೇ ಬಲ್ಲವರು. ಅದಕ್ಕಿಂತ ಬೇರೆಯಾದುದೊಂದು ಉಂಟೆಂದು ಕೇಳಿದ್ದರೂ, ಅದರ ಹೆಸರು ಲಿನಕ್ಸ್ ಎಂಬುದನ್ನು ಅರಿತಿದ್ದರೂ, ಅದನ್ನು ಕೈಯಾರೆ ಮುಟ್ಟಿ ನೋಡುವ ಧೈರ್ಯವನ್ನು ಮಾಡಿದವರಲ್ಲ. ಈ ಹಿಂಜರಿಕೆಗೆ ಆಲಸ್ಯವು ಕಾರಣವೆನ್ನಲಾಗದು. ಮನೆಯ ಗಣಕದಲ್ಲಿ ಮಗಳ ಮದುವೆಯ ಚಿತ್ರಗಳಿರುತ್ತವೆ, ಅಂಗಡಿಯ ಲೆಕ್ಕಪತ್ರಗಳಿರುತ್ತವೆ, ಅರ್ಧ ಬರೆದಿಟ್ಟ ಪ್ರಬಂಧವಿರುತ್ತದೆ. ಅಪರಿಚಿತವಾದ ಒಂದು ವ್ಯವಸ್ಥೆಯನ್ನು ಅದೇ ಡಿಸ್ಕಿನಲ್ಲಿ ಸ್ಥಾಪಿಸಹೊರಟು, ಯಾವುದೋ ಒಂದು ಪ್ರಶ್ನೆಗೆ ತಪ್ಪು ಉತ್ತರವನ್ನು ಕೊಟ್ಟು, ಇದ್ದುದೆಲ್ಲವನ್ನೂ ಕಳೆದುಕೊಂಡೇವೆಂಬ ಭಯವು ನಿರಾಧಾರವಾದುದಲ್ಲ. ಕಲಿಯುವ ಆಸೆಗೂ ಕಳೆದುಕೊಳ್ಳುವ ಭೀತಿಗೂ ನಡುವೆ ಸಿಕ್ಕಿಕೊಂಡ ಇಂಥ ಗೃಹಸ್ಥನಿಗೆ, ವಿದ್ಯಾರ್ಥಿಗೆ, ಉಪಾಧ್ಯಾಯನಿಗೆ ಸುಗಮವಾದ ಮಾರ್ಗವೊಂದುಂಟು. ಇರುವ ವ್ಯವಸ್ಥೆಯನ್ನು ಕದಲಿಸದೆ, ಡಿಸ್ಕಿನಲ್ಲಿರುವ ಒಂದು ಕಡತಕ್ಕೂ ಕೇಡು ತಾರದೆ, ಗಣಕದೊಳಗೇ ಇನ್ನೊಂದು ಗಣಕವನ್ನು ಕಲ್ಪಿಸಿಕೊಂಡು ಅದರಲ್ಲಿ ಲಿನಕ್ಸನ್ನು ನಡೆಸುವುದೇ ಆ ಮಾರ್ಗ. ಹೀಗೆ ಕಲ್ಪಿಸಿಕೊಂಡ ಗಣಕಕ್ಕೆ ವರ್ಚುವಲ್ ಮಷಿನ್ ಎಂದು ಹೆಸರು. ತಪ್ಪಿಗೆ ದಂಡ ತೆರಬೇಕಾಗಿಲ್ಲದ ಸ್ಥಳದಲ್ಲಿ ಮನುಷ್ಯನು ಮನಸ್ಸು ಬಿಚ್ಚಿ ಕಲಿಯುತ್ತಾನೆಂಬುದು ನನ್ನ ದೃಢವಾದ ನಂಬಿಕೆ. ಅಂಥ ಸ್ಥಳವನ್ನು ಈ ತಂತ್ರವು ಬಿಡಿಗಾಸಿನ ಖರ್ಚಿಲ್ಲದೆ ಒದಗಿಸಿಕೊಡುತ್ತದೆಂಬುದನ್ನು ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ಲಿನಕ್ಸಿನ ಪರಿಚಯವನ್ನು ಮೊದಲು ಮಾಡಿಕೊಳ್ಳೋಣ. ಪ್ರೊಸೆಸರು, ಮೆಮೊರಿ, ಡಿಸ್ಕು, ಕೀಲಿಮಣೆ, ಪರದೆ ಮೊದಲಾದ ಅಂಗಗಳೆಲ್ಲವನ್ನೂ ಹತೋಟಿಯಲ್ಲಿಟ್ಟುಕೊಂಡು, ನಾವು ನಡೆಸುವ ಒಂದೊಂದು ತಂತ್ರಾಂಶಕ್ಕೂ ಅದರದರ ಪಾಲನ್ನು ಹಂಚಿಕೊಡತಕ್ಕ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್ ಅಂಥದೊಂದು, ಆಪಲ್ ಗಣಕಗಳ ಮ್ಯಾಕ್ ಓಎಸ್ ಇನ್ನೊಂದು, ಲಿನಕ್ಸ್ ಮತ್ತೊಂದು. ಇದರ ವಂಶಾವಳಿಯು 1969ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಎಂಬ ವ್ಯವಸ್ಥೆಗೆ ಅಸ್ತಿಭಾರ ಹಾಕಿದರು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಯುನಿಕ್ಸ್ ಸದೃಶವಾದ ವ್ಯವಸ್ಥೆಯೊಂದನ್ನು ಕಟ್ಟುವ ಸಂಕಲ್ಪವನ್ನು ತೊಟ್ಟು ಗ್ನೂ ಎಂಬ ಯೋಜನೆಯನ್ನು ಸಾರಿದರು. 1987ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು ಬೋಧನೆಗೆಂದು ಮಿನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ರಚಿಸಿ ಪ್ರಕಟಿಸಿದರು. ಆ ಮಿನಿಕ್ಸನ್ನು ಬಳಸುತ್ತಿದ್ದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, 21 ವರ್ಷ ವಯಸ್ಸಿನ ಲೀನಸ್ ಟೋರ್ವಾಲ್ಡ್ಸ್, ತಾವು ಹವ್ಯಾಸಕ್ಕಾಗಿ ಹೊಸ ವ್ಯವಸ್ಥೆಯೊಂದನ್ನು ಬರೆಯುತ್ತಿರುವುದಾಗಿ 1991ರ ಆಗಸ್ಟ್ 25ರಂದು ಸಹಬಳಕೆದಾರರಿಗೆ ತಿಳಿಸಿದರು. ವ್ಯವಸ್ಥೆಯ ತಿರುಳೆನಿಸಿದ ಲಿನಕ್ಸ್ ಕರ್ನೆಲ್ ಅದೇ. ಮರುವರ್ಷ ಅವರು ಅದನ್ನು ಗ್ನೂ ಪರವಾನಗಿಯ ಕೆಳಗೆ ತಂದದ್ದರಿಂದ, ಸ್ಟಾಲ್ಮನ್ನರ ಬಳಗವು ಅದಾಗಲೇ ಸಿದ್ಧಪಡಿಸಿದ್ದ ಉಪಕರಣಗಳೂ ಈ ಕರ್ನೆಲ್ಲೂ ಒಂದುಗೂಡಿ, ಸರ್ವರಿಗೂ ಮುಕ್ತವಾದ ಪರಿಪೂರ್ಣ ವ್ಯವಸ್ಥೆಯೊಂದು ಲೋಕಕ್ಕೆ ಲಭ್ಯವಾಯಿತು.

ಹವ್ಯಾಸವಾಗಿ ಹುಟ್ಟಿದ ಈ ಕೃತಿಯು ಇಂದು ವ್ಯಾಪಿಸಿರುವ ಕ್ಷೇತ್ರವನ್ನು ನೆನೆದರೆ ವಿಸ್ಮಯವಾಗುತ್ತದೆ. ಜಗತ್ತಿನ ಅತ್ಯಂತ ವೇಗಶಾಲಿಯಾದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ, 2017ರ ನವೆಂಬರಿನಿಂದ ಈಚೆಗೆ, ಲಿನಕ್ಸ್ ಅಲ್ಲದ ವ್ಯವಸ್ಥೆಯನ್ನು ನಡೆಸುವಂಥದು ಒಂದೂ ಇಲ್ಲ. 2021ರ ಏಪ್ರಿಲ್ 19ರಂದು ಮಂಗಳಗ್ರಹದ ತೆಳುವಾದ ವಾಯುಮಂಡಲದಲ್ಲಿ ಮೇಲೆದ್ದು ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನೊಳಗೂ ಲಿನಕ್ಸೇ ಇತ್ತು. ಅಷ್ಟು ದೂರ ಹೋಗುವುದೇಕೆ? ಆಂಡ್ರಾಯ್ಡ್ ಫೋನುಗಳೆಲ್ಲವೂ ಲಿನಕ್ಸ್ ಕರ್ನೆಲ್ಲಿನ ಮೇಲೆಯೇ ನಿಂತಿರುವುದರಿಂದ, ಲಿನಕ್ಸ್ ತನಗೆ ತೀರ ಹೊಸತೆಂದು ತಿಳಿದಿರುವ ಓದುಗನ ಜೇಬಿನಲ್ಲಿಯೂ ಪ್ರಾಯಶಃ ಅದು ಈಗಾಗಲೇ ಕೆಲಸ ಮಾಡುತ್ತಿದೆ. ಹೀಗೆ ಕಣ್ಣಿಗೆ ಕಾಣದೆ ನಮ್ಮ ದೈನಂದಿನ ಜೀವನವನ್ನು ಹೊತ್ತಿರುವ ವಸ್ತುವನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಬೇಕೆನ್ನುವ ಕುತೂಹಲವು ಸಹಜವಾದದ್ದು, ಶ್ಲಾಘ್ಯವಾದದ್ದು.

ನೋಡಹೊರಟವನಿಗೆ ಎದುರಾಗುವ ಮೊದಲನೆಯ ತೊಡಕು, ಲಿನಕ್ಸ್ ಒಂದಾಗಿರದೆ ಹಲವಾಗಿರುವುದು. ಕರ್ನೆಲ್ ಒಂದೇ ಆದರೂ, ಅದಕ್ಕೆ ಬೇಕಾದ ಉಪಕರಣಗಳನ್ನೂ ಮೇಜುತೆರೆಯನ್ನೂ ತಂತ್ರಾಂಶಗಳನ್ನೂ ಕೂಡಿಸಿ ಬಳಕೆಗೆ ಸಿದ್ಧವಾದ ರೂಪದಲ್ಲಿ ಹಂಚುವ ಬಳಗಗಳು ಅನೇಕ. ಅವುಗಳ ಒಂದೊಂದು ಕೂಡಿಕೆಯನ್ನೂ ವಿತರಣೆ ಎಂದು ಕರೆಯುವುದು ವಾಡಿಕೆ. 1993ರಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದ ಡೆಬಿಯನ್ ಇವುಗಳ ಪೈಕಿ ಹಿರಿಯವುಗಳಲ್ಲೊಂದು; ಅದರ ಆಧಾರದ ಮೇಲೆ 2004ರಲ್ಲಿ ಉಬುಂಟು ಬಂದಿತು; ಉಬುಂಟುವಿನ ಆಧಾರದ ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್ ಬಂದಿತು. ಉಬುಂಟುವಿನ ಆವೃತ್ತಿಯ ಸಂಖ್ಯೆಯಲ್ಲಿ ವರ್ಷವೂ ತಿಂಗಳೂ ಅಡಗಿವೆ, 24.04 ಎಂದರೆ 2024ರ ಏಪ್ರಿಲಿನಲ್ಲಿ ಹೊರಬಂದದ್ದೆಂದು ಅರ್ಥ. ಎರಡು ವರ್ಷಗಳಿಗೊಮ್ಮೆ ಏಪ್ರಿಲಿನಲ್ಲಿ ಬರತಕ್ಕ ದೀರ್ಘ ಬೆಂಬಲದ ಆವೃತ್ತಿಗೆ ಐದು ವರ್ಷಗಳ ಪರ್ಯಂತ ಭದ್ರತೆಯ ಪರಿಷ್ಕರಣಗಳು ದೊರೆಯುತ್ತಿರುವುದರಿಂದ, ಹೊಸಬರು ಅಂಥದನ್ನೇ ಆರಿಸಿಕೊಳ್ಳುವುದು ಕ್ಷೇಮ. ವಿಂಡೋಸಿಗೆ ಒಗ್ಗಿದ ಕಣ್ಣಿಗೆ, ಕೆಳಗೆ ಪಟ್ಟಿಯೂ ಎಡಮೂಲೆಯಲ್ಲಿ ಮೆನುವೂ ಇರುವ ಲಿನಕ್ಸ್ ಮಿಂಟ್ ಹೆಚ್ಚು ಪರಿಚಿತವಾಗಿ ತೋರುತ್ತದೆ. ಆದಕಾರಣ ಮುಂದಿನ ವಿವರಗಳನ್ನು ಅದನ್ನೇ ಉದ್ದೇಶಿಸಿ ಬರೆದಿದ್ದೇನೆ.

ಲಿನಕ್ಸನ್ನು ಗಣಕದಲ್ಲಿ ನೆಲೆಗೊಳಿಸಲು ಮೂರು ವಿಧಾನಗಳುಂಟು. ಇರುವ ವ್ಯವಸ್ಥೆಯನ್ನು ಪೂರ್ತಿಯಾಗಿ ಅಳಿಸಿ ಆ ಸ್ಥಾನದಲ್ಲಿ ಲಿನಕ್ಸನ್ನು ಪ್ರತಿಷ್ಠಾಪಿಸುವುದು ಒಂದು. ಡಿಸ್ಕನ್ನು ಪಾಲು ಮಾಡಿ, ಒಂದು ಪಾಲಿನಲ್ಲಿ ವಿಂಡೋಸನ್ನೂ ಇನ್ನೊಂದರಲ್ಲಿ ಲಿನಕ್ಸನ್ನೂ ಇಟ್ಟುಕೊಂಡು, ಗಣಕವನ್ನು ಹಚ್ಚಿದಾಗಲೆಲ್ಲ ಎರಡರಲ್ಲೊಂದನ್ನು ಆರಿಸಿಕೊಳ್ಳುವ ಡ್ಯುಯಲ್ ಬೂಟ್ ಎರಡನೆಯದು. ವರ್ಚುವಲ್ ಮಷಿನ್ ಮೂರನೆಯದು. ಮೊದಲೆರಡರಲ್ಲಿ ನಿಜವಾದ ಡಿಸ್ಕಿನ ವಿನ್ಯಾಸವನ್ನೇ ಬದಲಾಯಿಸಬೇಕಾಗುತ್ತದೆ. ಪಾಲು ಮಾಡುವ ಹೊತ್ತಿನಲ್ಲಿ ವಿದ್ಯುತ್ತು ಹೋದರೆ, ಅಥವಾ ಒಂದು ಪಾಲಿನ ಬದಲು ಇನ್ನೊಂದನ್ನು ಒತ್ತಿದರೆ, ಆಗುವ ನಷ್ಟವು ನಿಜವಾದದ್ದು. ಮೂರನೆಯ ವಿಧಾನದಲ್ಲಾದರೋ ವಿಂಡೋಸ್ ತನ್ನ ಪಾಡಿಗೆ ತಾನು ನಡೆಯುತ್ತಿರುವಾಗಲೇ, ಅದರ ಒಂದು ಕಿಟಕಿಯೊಳಗೆ ಲಿನಕ್ಸ್ ಎಚ್ಚರಗೊಳ್ಳುತ್ತದೆ. ಬೇಡವಾದ ದಿನ ಆ ಕಲ್ಪಿತ ಗಣಕವನ್ನು ಅದರ ಕಡತಗಳ ಸಮೇತ ತೆಗೆದುಹಾಕಿದರೆ ಮುಗಿಯಿತು.

ಈ ಕಲ್ಪನೆಯು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಲಿನಕ್ಸಿಗಿಂತಲೂ ಹಳೆಯದು. ಗಣಕಗಳು ಕೋಣೆ ತುಂಬುವಷ್ಟು ದೊಡ್ಡವೂ ಸಂಸ್ಥೆಗಳಿಗೆ ಮಾತ್ರ ಎಟಕುವಷ್ಟು ದುಬಾರಿಯೂ ಆಗಿದ್ದ 1960ರ ದಶಕದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಕಂಪನಿಯ ವಿಜ್ಞಾನ ಕೇಂದ್ರದವರು, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಉಪಾಯವನ್ನು ಅರಸುತ್ತಿದ್ದರು. ಪ್ರತಿಯೊಬ್ಬನಿಗೂ ತನ್ನದೇ ಆದ ಸಂಪೂರ್ಣ ಯಂತ್ರವೊಂದಿದೆಯೆಂಬ ಭಾವನೆ ಬರುವಂತೆ, ಯಂತ್ರದ ಪ್ರತಿರೂಪವನ್ನೇ ತಂತ್ರಾಂಶದಿಂದ ನಿರ್ಮಿಸಿಕೊಡುವುದು ಅವರು ಕಂಡುಕೊಂಡ ಉತ್ತರ. ಸಿಪಿ-40 ಎಂದು ಹೆಸರಾದ ಅವರ ಆ ವ್ಯವಸ್ಥೆಯು 1967ರಲ್ಲಿ ಬಳಕೆಗೆ ಬಂದು, ಒಂದು ಯಂತ್ರದಲ್ಲಿ 14 ಕಲ್ಪಿತ ಯಂತ್ರಗಳನ್ನು ನಡೆಸಬಲ್ಲದಾಯಿತು. 1972ರಲ್ಲಿ ಅದರ ಸಂತತಿಯಾದ ವಿಎಂ/370 ಗ್ರಾಹಕರೆಲ್ಲರಿಗೂ ದೊರೆಯತಕ್ಕ ಸರಕಾಯಿತು.

1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಈ ವಿದ್ಯೆಗೆ ಶಾಸ್ತ್ರೀಯವಾದ ಲಕ್ಷಣಗಳನ್ನು ವಿಧಿಸಿದರು: ಕಲ್ಪಿತ ಯಂತ್ರದಲ್ಲಿ ನಡೆಯುವ ತಂತ್ರಾಂಶವು ನಿಜವಾದ ಯಂತ್ರದಲ್ಲಿ ನಡೆದಂತೆಯೇ ವರ್ತಿಸಬೇಕು, ಬಹುಪಾಲು ಆಜ್ಞೆಗಳು ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಪ್ರೊಸೆಸರಿನಲ್ಲಿಯೇ ನಡೆಯಬೇಕು, ಯಂತ್ರದ ಸಂಪನ್ಮೂಲಗಳ ಮೇಲಣ ಒಡೆತನವು ಸದಾ ಕಲ್ಪಿತ ಯಂತ್ರಗಳನ್ನು ನಡೆಸುವ ಮೇಲ್ವಿಚಾರಕ ತಂತ್ರಾಂಶದ ಕೈಯಲ್ಲಿರಬೇಕು. ನಮ್ಮ ಮೇಜಿನ ಮೇಲಿನ ಗಣಕಗಳ ಪ್ರೊಸೆಸರುಗಳು ಈ ನಿಯಮಗಳಿಗೆ ಬಹುಕಾಲ ಒಗ್ಗಲಿಲ್ಲ; ಮೇಲ್ವಿಚಾರಕನ ಗಮನಕ್ಕೆ ಬಾರದೆ ನುಸುಳಿಹೋಗಬಲ್ಲ ಆಜ್ಞೆಗಳು ಪೆಂಟಿಯಂ ಪ್ರೊಸೆಸರಿನಲ್ಲಿ 17 ಇದ್ದುವೆಂದು 2000ದಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಎಣಿಸಿ ತೋರಿಸಿತು. ಅಷ್ಟರಲ್ಲಿಯೇ ವಿಎಂವೇರ್ ಕಂಪನಿಯು, ಅಂಥ ಆಜ್ಞೆಗಳನ್ನು ನಡೆಯುವ ಮೊದಲೇ ಹುಡುಕಿ ಬೇರೆ ಆಜ್ಞೆಗಳಾಗಿ ಮಾರ್ಪಡಿಸುವ ಜಾಣ್ಮೆಯಿಂದ, 1999ರಲ್ಲಿ ಸಾಮಾನ್ಯ ಗಣಕಗಳಿಗೂ ಈ ವಿದ್ಯೆಯನ್ನು ತಂದಿತ್ತು. 2005ರಲ್ಲಿ ಇಂಟೆಲ್ ಕಂಪನಿಯೂ 2006ರಲ್ಲಿ ಎಎಂಡಿ ಕಂಪನಿಯೂ ಪ್ರೊಸೆಸರಿನೊಳಗೇ ಇದಕ್ಕೆ ಬೇಕಾದ ಸೌಕರ್ಯವನ್ನು ಅಳವಡಿಸಿದ ಮೇಲೆ ಆ ತೊಡಕು ಬಗೆಹರಿಯಿತು. 2007ರಲ್ಲಿ ಜರ್ಮನಿಯ ಇನ್ನೊಟೆಕ್ ಎಂಬ ಚಿಕ್ಕ ಕಂಪನಿಯು, ಕಲ್ಪಿತ ಯಂತ್ರಗಳನ್ನು ನಿರ್ಮಿಸಿ ನಡೆಸುವ ವರ್ಚುವಲ್‌ಬಾಕ್ಸನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. ಅನಂತರ ಸನ್ ಕಂಪನಿಯ ಕೈಗೂ, 2010ರಿಂದ ಒರಾಕಲ್ ಕಂಪನಿಯ ಕೈಗೂ ಬಂದ ಅದು ಇಂದಿಗೂ ಉಚಿತವಾಗಿ ದೊರೆಯುತ್ತದೆ.

ಒಳಗೆ ನಡೆಯುವುದೇನೆಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಏಕೆಂದರೆ ಅದನ್ನರಿತವನಿಗೆ ಭಯವು ತಾನಾಗಿಯೇ ಕಳೆಯುತ್ತದೆ. ಲಿನಕ್ಸ್ ತನ್ನದೆಂದು ತಿಳಿದುಕೊಂಡಿರುವ ಡಿಸ್ಕು ವಸ್ತುತಃ ವಿಂಡೋಸಿನ ಒಂದು ಫೋಲ್ಡರಿನಲ್ಲಿ ಕುಳಿತಿರುವ ಒಂದೇ ಒಂದು ದೊಡ್ಡ ಕಡತ. ಲಿನಕ್ಸ್ ಆ ಡಿಸ್ಕಿನ ಇಂಥ ಸ್ಥಾನದಲ್ಲಿ ಇಂಥದನ್ನು ಬರೆಯೆಂದು ಅಪ್ಪಣೆ ಮಾಡಿದಾಗ, ಮೇಲ್ವಿಚಾರಕ ತಂತ್ರಾಂಶವು ಆ ಅಪ್ಪಣೆಯನ್ನು ನಡುವೆ ತಡೆದು, ಆ ಕಡತದೊಳಗೆ ತಕ್ಕ ಸ್ಥಾನದಲ್ಲಿ ಬರೆದು, ಬರೆದಾಯಿತೆಂದು ಉತ್ತರ ಕೊಡುತ್ತದೆ. ಲಿನಕ್ಸಿಗೆ ಅದರ ಅರಿವೇ ಇರುವುದಿಲ್ಲ. ಜಾಲದ ಕಾರ್ಡು, ಧ್ವನಿಯ ಕಾರ್ಡು, ಪರದೆ ಎಲ್ಲವೂ ಹೀಗೆಯೇ ಕಲ್ಪಿತವಾದವು. ಕೂಡುವುದು, ಕಳೆಯುವುದು, ಹೋಲಿಸುವುದು ಮೊದಲಾದ ಸಾಮಾನ್ಯ ಆಜ್ಞೆಗಳು ಮಾತ್ರ ನಿಜವಾದ ಪ್ರೊಸೆಸರಿನಲ್ಲಿಯೇ ನೇರವಾಗಿ ನಡೆಯುವುದರಿಂದ ವೇಗವು ಹೆಚ್ಚೇನೂ ಕುಂದುವುದಿಲ್ಲ. ಹೊರಗಿನ ವ್ಯವಸ್ಥೆಗೆ ಆತಿಥೇಯವೆಂದೂ ಒಳಗಿನದಕ್ಕೆ ಅತಿಥಿಯೆಂದೂ ಹೇಳುತ್ತಾರೆ. ನಾವಾಗಿಯೇ ಹಂಚಿಕೆಯ ಫೋಲ್ಡರನ್ನು ತೆರೆದುಕೊಡದ ಹೊರತು, ಅತಿಥಿಗೆ ಆತಿಥೇಯದ ಕಡತಗಳು ಕಾಣವು.

ಕಾರ್ಯಕ್ಕೆ ತೊಡಗುವ ಮುನ್ನ ಗಣಕದ ಯೋಗ್ಯತೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಎರಡು ವ್ಯವಸ್ಥೆಗಳು ಒಟ್ಟಿಗೆ ನಡೆಯಬೇಕಾಗಿರುವುದರಿಂದ 8 ಗಿಗಾಬೈಟ್ ಮೆಮೊರಿ ಇದ್ದರೆ ನೆಮ್ಮದಿ. ಡಿಸ್ಕಿನಲ್ಲಿ 40 ಗಿಗಾಬೈಟಿನಷ್ಟಾದರೂ ಬರಿದಾದ ಜಾಗವಿರಬೇಕು. ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು, ಪರ್ಫಾರ್ಮೆನ್ಸ್ ಎಂಬ ವಿಭಾಗದಲ್ಲಿ ಸಿಪಿಯುವನ್ನು ಒತ್ತಿದರೆ, ವರ್ಚುವಲೈಸೇಷನ್ ಎಂಬುದರ ಎದುರಿಗೆ ಎನೇಬಲ್ಡ್ ಎಂದಿದೆಯೇ ಎಂಬುದು ಕಾಣುತ್ತದೆ; ಇಲ್ಲವಾದರೆ ಗಣಕವು ಆರಂಭವಾಗುವಾಗ ಅದರ ಬಯೋಸ್ ಸೆಟ್ಟಿಂಗಿಗೆ ಹೋಗಿ ಆ ಸೌಕರ್ಯವನ್ನು ತೆರೆಯಬೇಕು. ತರುವಾಯ ವರ್ಚುವಲ್‌ಬಾಕ್ಸನ್ನೂ, ಸುಮಾರು 3 ಗಿಗಾಬೈಟಿನಷ್ಟಿರುವ, ಸ್ಥಾಪನೆಗೆ ಬೇಕಾದುದೆಲ್ಲವನ್ನೂ ಒಳಗೊಂಡ ಮಿಂಟಿನ ಐಎಸ್‌ಓ ಕಡತವನ್ನೂ ಅವುಗಳ ಅಧಿಕೃತ ತಾಣಗಳಿಂದಲೇ ಇಳಿಸಿಕೊಳ್ಳಬೇಕು. ಐಎಸ್‌ಓ ಕಡತದ ಜೊತೆಗೆ ಪ್ರಕಟವಾಗಿರುವ 64 ಅಕ್ಷರಾಂಕಗಳ ಶಾ-256 ಮೊತ್ತವನ್ನು, ವಿಂಡೋಸಿನಲ್ಲಿಯೇ ಇರುವ ಸರ್ಟ್‌ಯುಟಿಲ್ ಎಂಬ ಉಪಕರಣದಿಂದ ನಮ್ಮ ಕಡತಕ್ಕೆ ಬಂದ ಮೊತ್ತದೊಡನೆ ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ. ಇಳಿಯುವಾಗ ಕಡತವು ಕೆಟ್ಟಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ.

ವರ್ಚುವಲ್‌ಬಾಕ್ಸಿನಲ್ಲಿ ಹೊಸ ಯಂತ್ರವನ್ನು ನಿರ್ಮಿಸುವುದು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟೇ ಸುಲಭ. ಯಂತ್ರಕ್ಕೊಂದು ಹೆಸರು, ಐಎಸ್‌ಓ ಕಡತವಿರುವ ಸ್ಥಳ, ಮೆಮೊರಿ 4 ಗಿಗಾಬೈಟ್, ಅಂದರೆ ಒಟ್ಟಿನ ಅರ್ಧಕ್ಕೆ ಮೀರದಷ್ಟು, ಪ್ರೊಸೆಸರಿನ ಎರಡು ಕೋರುಗಳು, 30 ಗಿಗಾಬೈಟಿನ ಡಿಸ್ಕು. ಆ 30 ಗಿಗಾಬೈಟನ್ನು ಕೂಡಲೇ ಮೀಸಲಿಡದೆ, ಒಳಗೆ ತುಂಬಿದಷ್ಟೇ ಬೆಳೆಯುತ್ತ ಹೋಗುವ ಕಡತವನ್ನು ವರ್ಚುವಲ್‌ಬಾಕ್ಸ್ ರೂಢಿಯಂತೆ ನಿರ್ಮಿಸುವುದರಿಂದ ಜಾಗವು ವ್ಯರ್ಥವಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಉಬುಂಟುವಿನಂಥ ಕೆಲವು ವಿತರಣೆಗಳನ್ನು ವರ್ಚುವಲ್‌ಬಾಕ್ಸ್ ಗುರುತಿಸಿ, ಸ್ಥಾಪನೆಯ ಪ್ರಶ್ನೆಗಳಿಗೆಲ್ಲ ತಾನೇ ಉತ್ತರಿಸಿ ಮುಗಿಸುವ ಅನ್‌ಅಟೆಂಡೆಡ್ ಸ್ಥಾಪನೆಗೆ ಮುಂದಾಗುತ್ತದೆ. ಕಲಿಯಬಂದವರು ಅದನ್ನು ಬೇಡವೆಂದು ಸೂಚಿಸಬೇಕು. ಆ ಪ್ರಶ್ನೆಗಳನ್ನು ತಾವೇ ಎದುರಿಸುವುದು ಕಲಿಕೆಯ ಮೊದಲ ಪಾಠ.

ಯಂತ್ರವನ್ನು ಚಾಲೂ ಮಾಡಿದರೆ, ಐಎಸ್‌ಓ ಕಡತದಿಂದಲೇ ಮಿಂಟಿನ ಮೇಜುತೆರೆ ಮೂಡಿ, ಅದರ ಮೇಲೆ ಸ್ಥಾಪನೆಯ ಚಿಹ್ನೆಯೊಂದು ಕಾಣುತ್ತದೆ. ಅದನ್ನು ಒತ್ತಿ, ಭಾಷೆ, ಕೀಲಿಮಣೆಗಳ ಪ್ರಶ್ನೆಗಳನ್ನು ದಾಟಿದ ಮೇಲೆ, ಎಷ್ಟೋ ಮಂದಿಯ ಕೈ ತಡೆದು ನಿಲ್ಲಿಸುವ ಸಾಲು ಎದುರಾಗುತ್ತದೆ: ಇರೇಸ್ ಡಿಸ್ಕ್ ಅಂಡ್ ಇನ್‌ಸ್ಟಾಲ್ ಲಿನಕ್ಸ್ ಮಿಂಟ್. ಡಿಸ್ಕನ್ನು ಅಳಿಸಿಬಿಡುವೆನೆಂದು ಯಂತ್ರವೇ ಬಾಯಿಬಿಟ್ಟು ಹೇಳುವಾಗ ಎದೆ ನಡುಗದವರಾರು? ಆದರೆ ಅದು ಹೇಳುತ್ತಿರುವುದು ಯಾವ ಡಿಸ್ಕಿನ ಮಾತನ್ನು ಎಂಬುದನ್ನು ನಿಧಾನವಾಗಿ ಗಮನಿಸಬೇಕು. ಡಿಸ್ಕಿನ ಹೆಸರು ಇರುವೆಡೆಯಲ್ಲಿ ವಿಬಾಕ್ಸ್ ಹಾರ್ಡ್‌ಡಿಸ್ಕ್ ಎಂದು ಬರೆದಿರುತ್ತದೆ. ಅದರ ಗಾತ್ರವು ನಾವು ಗೊತ್ತುಪಡಿಸಿದ 30 ಗಿಗಾಬೈಟಿನ ಸುಮಾರಿನಲ್ಲಿಯೇ ಇರುತ್ತದೆ. ಮನೆಯ ನಿಜವಾದ ಡಿಸ್ಕಿನ ಸುಳಿವು ಆ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಅಳಿಸಿಹೋಗುವುದು ಕೆಲವು ನಿಮಿಷಗಳ ಹಿಂದೆ ನಾವೇ ನಿರ್ಮಿಸಿದ ಬರಿಯ ಕಡತ. ಈ ಸಾಲನ್ನು ಅರ್ಥಮಾಡಿಕೊಂಡು ಮುಂದುವರಿದವನು ಡಿಸ್ಕು, ಪಾಲು, ಸ್ಥಾಪನೆ ಎಂಬ ಮೂರು ಸಂಗತಿಗಳನ್ನು ಅನುಭವದಿಂದ ಅರಿತವನಾಗುತ್ತಾನೆ. ನಿಜವಾದ ಡಿಸ್ಕಿನೆದುರು ಕುಳಿತಾಗ ಆ ಅರಿವೇ ಅವನನ್ನು ಕಾಯುತ್ತದೆ.

ಸ್ಥಾಪನೆ ಮುಗಿದು ಯಂತ್ರವು ಮರಳಿ ಎದ್ದ ಮೇಲೆ, ಫೈರ್‌ಫಾಕ್ಸ್ ಬ್ರೌಸರು, ಬರೆಹಕ್ಕೂ ಲೆಕ್ಕಕ್ಕೂ ಬೇಕಾದ ಲಿಬ್ರೆಆಫೀಸು ಮೊದಲಾದವು ಆಗಲೇ ಸಿದ್ಧವಾಗಿರುತ್ತವೆ. ಕಿಟಕಿಯನ್ನು ಹಿಗ್ಗಿಸಿದರೂ ಒಳಗಿನ ಪರದೆ ಚಿಕ್ಕದಾಗಿಯೇ ಉಳಿದಿದ್ದರೆ, ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಎಂಬುದನ್ನು ಅತಿಥಿಯಲ್ಲಿ ಸ್ಥಾಪಿಸತಕ್ಕದ್ದು. ಆಗ ಪರದೆಯು ಕಿಟಕಿಗೆ ಹೊಂದಿಕೊಳ್ಳುತ್ತದೆ, ಬೇಕೆಂದಲ್ಲಿ ನಕಲು ಮಾಡಿದ ಪಠ್ಯವು ಒಳಕ್ಕೂ ಹೊರಕ್ಕೂ ಸಾಗುತ್ತದೆ. ಇಲಿಯ ಬಾಣವು ಒಳಗೆ ಸಿಕ್ಕಿಕೊಂಡಂತೆ ಕಂಡಾಗ ಬಲಗಡೆಯ ಕಂಟ್ರೋಲ್ ಕೀಲಿಯನ್ನು ಒತ್ತಿದರೆ ಅದು ಹೊರಕ್ಕೆ ಬರುತ್ತದೆ. ಕನ್ನಡ ಓದುಗರಿಗೆ ಸಂತೋಷ ತರುವ ಸಂಗತಿಯೊಂದುಂಟು: ಕೀಲಿಮಣೆಯ ಸೆಟ್ಟಿಂಗಿನಲ್ಲಿ ವಿನ್ಯಾಸಗಳ ಪಟ್ಟಿಯನ್ನು ತೆರೆದರೆ, ಕನ್ನಡ ಎಂಬುದರ ಜೊತೆಗೆ ಕನ್ನಡ ಕಗಪ ಎಂಬುದೂ ಅಲ್ಲಿರುತ್ತದೆ. ನಾಡಿನ ಕಚೇರಿಗಳಲ್ಲಿ ನುಡಿ ತಂತ್ರಾಂಶದ ಮೂಲಕ ರೂಢಿಯಾದ ವಿನ್ಯಾಸವನ್ನು ಬಲ್ಲವರು, ಬೇರೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ, ಲಿನಕ್ಸಿನಲ್ಲಿ ನೇರವಾಗಿ ಯೂನಿಕೋಡ್ ಕನ್ನಡವನ್ನು ಬೆರಳಚ್ಚಿಸಬಹುದು.

ಮೇಜುತೆರೆಯ ಪರಿಚಯವಾದ ಮೇಲೆ ಟರ್ಮಿನಲ್ಲನ್ನು ತೆರೆಯಬೇಕು. ಕಪ್ಪು ಕಿಟಕಿಯಲ್ಲಿ ಆಜ್ಞೆಗಳನ್ನು ಬರೆದು ಕೆಲಸ ಮಾಡಿಸುವ ಈ ಪದ್ಧತಿಯು ಹಿಂದಿನ ಕಾಲದ ಅವಶೇಷವೆಂದು ಕೆಲವರು ಭಾವಿಸಿರುವುದುಂಟು. ವಾಸ್ತವವಾಗಿ ಲಿನಕ್ಸಿನ ಶಕ್ತಿಯೆಲ್ಲವೂ ಇಲ್ಲಿಯೇ ಇದೆ. ಪಿಡಬ್ಲ್ಯುಡಿ ಎಂದು ಬರೆದರೆ ನಾವೀಗ ಯಾವ ಫೋಲ್ಡರಿನಲ್ಲಿದ್ದೇವೆಂದು ತಿಳಿಸುತ್ತದೆ. ಎಲ್‌ಎಸ್ ಎಂದರೆ ಅಲ್ಲಿರುವ ಕಡತಗಳನ್ನು ಪಟ್ಟಿಮಾಡುತ್ತದೆ. ಸಿಡಿ ಎಂದು ಬರೆದು ಫೋಲ್ಡರಿನ ಹೆಸರು ಕೊಟ್ಟರೆ ಅಲ್ಲಿಗೆ ಕರೆದೊಯ್ಯುತ್ತದೆ. ಮ್ಯಾನ್ ಎಂದು ಬರೆದು ಯಾವ ಆಜ್ಞೆಯ ಹೆಸರನ್ನು ಕೊಟ್ಟರೂ ಅದರ ಕೈಪಿಡಿಯನ್ನೇ ತೆರೆದಿಡುತ್ತದೆ. ಸಿ, ಡಿ ಎಂಬ ಡ್ರೈವುಗಳು ಇಲ್ಲಿಲ್ಲ. ರೂಟ್ ಎಂಬ ಒಂದೇ ಮೂಲದಿಂದ ಕವಲೊಡೆದ ಫೋಲ್ಡರುಗಳಲ್ಲಿ ಎಲ್ಲವೂ ಅಡಕವಾಗಿದೆ. ನಮ್ಮ ಕಡತಗಳು ಹೋಮ್ ಎಂಬಲ್ಲಿಯೂ ವ್ಯವಸ್ಥೆಯ ಸೆಟ್ಟಿಂಗುಗಳು ಇಟಿಸಿ ಎಂಬಲ್ಲಿಯೂ ಇರುತ್ತವೆ. ಇಂಗ್ಲಿಷಿನ ದೊಡ್ಡಕ್ಷರಕ್ಕೂ ಚಿಕ್ಕಕ್ಷರಕ್ಕೂ ಇಲ್ಲಿ ಭೇದವುಂಟಾದ್ದರಿಂದ, ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದರೆ ಅವು ಬೇರೆ ಬೇರೆ ಕಡತಗಳೆನಿಸುತ್ತವೆ.

ವ್ಯವಸ್ಥೆಯನ್ನೇ ಬದಲಾಯಿಸತಕ್ಕ ಆಜ್ಞೆಗಳಿಗೆ ಮುಂದೆ ಸುಡೊ ಎಂದು ಸೇರಿಸಿ ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಆ ಪಾಸ್‌ವರ್ಡನ್ನು ಬೆರಳಚ್ಚಿಸುವಾಗ ಪರದೆಯ ಮೇಲೆ ಅಕ್ಷರವಾಗಲಿ ಚುಕ್ಕೆಯಾಗಲಿ ಕಾಣದಿದ್ದರೆ ಕೀಲಿಮಣೆ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಹಿಂದೆ ನಿಂತವರಿಗೆ ಅದರ ಉದ್ದವೂ ತಿಳಿಯದಿರಲೆಂದು ಕೆಲವು ವಿತರಣೆಗಳಲ್ಲಿ ಮಾಡಿದ ಏರ್ಪಾಡು ಅದು. ಸುಡೊ ಎಪಿಟಿ ಅಪ್‌ಡೇಟ್ ಎಂಬ ಆಜ್ಞೆಯು ಲಭ್ಯವಿರುವ ತಂತ್ರಾಂಶಗಳ ಪಟ್ಟಿಯನ್ನು ಹೊಸದಾಗಿ ತರಿಸುತ್ತದೆ. ಸುಡೊ ಎಪಿಟಿ ಅಪ್‌ಗ್ರೇಡ್ ಎಂಬುದು ಹಳೆಯವನ್ನೆಲ್ಲ ಹೊಸದಾಗಿಸುತ್ತದೆ. ಅನ್ಯ ತಾಣಗಳಲ್ಲಿ ಅಲೆದು ತಂತ್ರಾಂಶಗಳನ್ನು ಹೆಕ್ಕಿ ತರುವ ಗೋಜಿಲ್ಲದೆ, ವಿತರಣೆಯ ಬಳಗವು ಪರಿಶೀಲಿಸಿ ಸಹಿ ಮಾಡಿಟ್ಟ ಒಂದೇ ಭಂಡಾರದಿಂದ ಸಾವಿರಾರು ತಂತ್ರಾಂಶಗಳನ್ನು ಪಡೆಯುವ ಈ ಕ್ರಮವು ಲಿನಕ್ಸಿನ ಉತ್ತಮ ಗುಣಗಳಲ್ಲೊಂದು.

ಇನ್ನು ಈ ಲೇಖನದ ಮುಖ್ಯವಾದ ಮಾತಿಗೆ ಬರುತ್ತೇನೆ. ವರ್ಚುವಲ್‌ಬಾಕ್ಸಿನಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಕರ್ಯವೊಂದಿದೆ. ಅದನ್ನು ತೆಗೆದ ಕ್ಷಣದಲ್ಲಿ ಯಂತ್ರದ ಸ್ಥಿತಿ ಹೇಗಿತ್ತೋ ಅದನ್ನು ಅದು ಯಥಾವತ್ತಾಗಿ ಕಾಪಾಡಿಟ್ಟುಕೊಳ್ಳುತ್ತದೆ. ಮುಂದೆ ಎಂಥ ಅನಾಹುತವಾದರೂ, ಒಂದು ಗುಂಡಿಯನ್ನು ಒತ್ತಿದರೆ ಯಂತ್ರವು ಆ ಸ್ಥಿತಿಗೆ ಮರಳುತ್ತದೆ. ಹಾಗಿರುವಾಗ ಅನಾಹುತವನ್ನು ನಾವೇ ಏಕೆ ಮಾಡಿ ನೋಡಬಾರದು? ಇಟಿಸಿ ಫೋಲ್ಡರಿನಲ್ಲಿ ಎಫ್‌ಎಸ್‌ಟ್ಯಾಬ್ ಎಂಬ ಕಡತವೊಂದಿದೆ. ಯಂತ್ರವು ಏಳುವಾಗ ಯಾವ ಯಾವ ಡಿಸ್ಕುಗಳನ್ನು ಎಲ್ಲೆಲ್ಲಿ ಜೋಡಿಸಬೇಕೆಂಬ ಆದೇಶಗಳು ಅದರಲ್ಲಿರುತ್ತವೆ. ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡು, ಇಲ್ಲದ ಡಿಸ್ಕೊಂದರ ಹೆಸರಿನಲ್ಲಿ ಅದಕ್ಕೊಂದು ಸಾಲನ್ನು ಸೇರಿಸಿ, ಯಂತ್ರವನ್ನು ಮತ್ತೆ ಆರಂಭಿಸಿ ನೋಡಿರಿ. ಲಿನಕ್ಸ್ ಆ ಡಿಸ್ಕಿಗಾಗಿ ಒಂದೂವರೆ ನಿಮಿಷದಷ್ಟು ಹೊತ್ತು ಕಾದು, ಅದು ಬಾರದಿರಲು, ಎಂದಿನ ಮೇಜುತೆರೆಯನ್ನು ತೋರಿಸದೆ, ಎಮರ್ಜೆನ್ಸಿ ಮೋಡ್ ಎಂಬ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ನಿಜವಾದ ಗಣಕದಲ್ಲಿ ಹೀಗಾದರೆ ಹೊಸಬನು ಗಾಬರಿಯಿಂದ ಅಂಗಡಿಗೆ ಓಡುತ್ತಾನೆ. ಇಲ್ಲಿಯಾದರೋ ಆ ಪರದೆಯ ಮೇಲಿನ ಸಂದೇಶವನ್ನು ಸಾವಧಾನವಾಗಿ ಓದಿ, ಕಾರಣವನ್ನು ಊಹಿಸಿ, ಸ್ನ್ಯಾಪ್‌ಶಾಟಿಗೆ ಮರಳಿ, ಅದೇ ತಪ್ಪನ್ನು ಮತ್ತೆ ಮಾಡಿ, ಈ ಬಾರಿ ಕೈಯಾರೆ ಸರಿಪಡಿಸಲು ಯತ್ನಿಸುತ್ತಾನೆ. ಯಂತ್ರವು ಸರಿಯಾಗಿ ನಡೆಯುತ್ತಿರುವಾಗ ಅದರ ಅಂಗಗಳ ಸಂಬಂಧವು ನಮಗೆ ಗೋಚರಿಸುವುದಿಲ್ಲ. ಒಂದು ಅಂಗವು ತಪ್ಪಿದಾಗ ಉಳಿದವು ಹೇಗೆ ನಿಲ್ಲುತ್ತವೆಂಬುದನ್ನು ನೋಡಿದವನಿಗೆ ಅದು ಗೋಚರಿಸುತ್ತದೆ. ಕೆಡಿಸಿ ಕಲಿಯುವ ಈ ಸ್ವಾತಂತ್ರ್ಯವನ್ನು ಯಾವ ಪುಸ್ತಕವೂ, ಯಾವ ಉಪನ್ಯಾಸವೂ ಕೊಡಲಾರವು.

ಈ ವಿಧಾನದ ಮಿತಿಗಳನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಚಿತ್ರಸಾಮರ್ಥ್ಯವನ್ನು ಹೆಚ್ಚಾಗಿ ಬೇಡುವ ಆಟಗಳೂ ವಿಡಿಯೊ ಸಂಕಲನವೂ ಕಲ್ಪಿತ ಯಂತ್ರದಲ್ಲಿ ಕುಂಟುತ್ತವೆ. ಅತಿಥಿಗೆ ಕಾಣುವುದು ಕಲ್ಪಿತವಾದ ಅಂಗಗಳಾದ್ದರಿಂದ, ನಿಮ್ಮ ಲ್ಯಾಪ್‌ಟಾಪಿನ ನಿಜವಾದ ವೈಫೈ ಕಾರ್ಡು ಲಿನಕ್ಸಿಗೆ ಒಗ್ಗುವುದೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗದು. ಅದಕ್ಕೆ ಪೆನ್ ಡ್ರೈವಿನಿಂದ ಲಿನಕ್ಸನ್ನು ಸ್ಥಾಪಿಸದೆಯೇ ನಡೆಸಿ ನೋಡಬೇಕು. ಮೆಮೊರಿ 4 ಗಿಗಾಬೈಟಷ್ಟೇ ಇರುವ ಹಳೆಯ ಗಣಕಗಳಿಗೂ ಪೆನ್ ಡ್ರೈವೇ ಸೂಕ್ತವಾದ ದಾರಿ. ಆಪಲ್ ಕಂಪನಿಯ ಸ್ವಂತ ಚಿಪ್ಪಿರುವ ಮ್ಯಾಕ್ ಗಣಕಗಳಲ್ಲಿ ಆರ್ಮ್ ಪ್ರೊಸೆಸರಿಗೆಂದೇ ಸಿದ್ಧವಾದ ಲಿನಕ್ಸ್ ಬೇಕಾಗುತ್ತದೆ. ಹಂಚಿಕೆಯ ಫೋಲ್ಡರನ್ನು ತೆರೆದುಕೊಟ್ಟರೆ ಒಳಗಿನ ತಪ್ಪು ಆ ಫೋಲ್ಡರಿನ ಮೂಲಕ ಹೊರಗಿನ ಕಡತಗಳನ್ನೂ ಮುಟ್ಟಬಲ್ಲದು. ಆದಕಾರಣ ಮೊದಲ ದಿನಗಳಲ್ಲಿ ಅದನ್ನು ತೆರೆಯದಿರುವುದೇ ಲೇಸು. ಸ್ನ್ಯಾಪ್‌ಶಾಟ್ ಎಂಬುದು ಬ್ಯಾಕಪ್ ಅಲ್ಲ. ಅದೂ ಅದೇ ಡಿಸ್ಕಿನಲ್ಲಿರುವುದರಿಂದ, ಡಿಸ್ಕು ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ.

ವರ್ಚುವಲ್ ಮಷಿನ್‌ನಲ್ಲಿ ಎಷ್ಟು ಕಾಲ ಇರಬೇಕು? ಭತ್ತ ಬೆಳೆಯುವ ರೈತನು ಸಸಿಮಡಿಯಲ್ಲಿ ಬೀಜವನ್ನು ಮೊಳೆಯಿಸಿ, ಪೈರು ಗದ್ದೆಯಲ್ಲಿ ನಿಲ್ಲುವಷ್ಟು ಬಲಿತ ಮೇಲೆ ಕಿತ್ತು ನಾಟಿ ಮಾಡುವಂತೆ, ಸ್ಥಾಪನೆಯನ್ನೂ ಪರಿಷ್ಕರಣವನ್ನೂ ಚಿಕ್ಕಪುಟ್ಟ ದುರಸ್ತಿಯನ್ನೂ ಪರರ ನೆರವಿಲ್ಲದೆ ನಿರ್ವಹಿಸಬಲ್ಲವನು ನಿಜವಾದ ಗಣಕಕ್ಕೆ ಲಿನಕ್ಸನ್ನು ಒಯ್ಯಬಹುದು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಗಣಕಗಳನ್ನು ಮೂಲೆಗೆ ಸರಿಸಿದ ಮನೆಗಳು ಅನೇಕ. ಅಂಥ ಗಣಕಕ್ಕೆ ಬ್ಯಾಕಪ್ ತೆಗೆದು ಲಿನಕ್ಸ್ ಹಾಕಿದರೆ ಅದು ಇನ್ನೂ ಹಲವು ವರ್ಷ ದುಡಿಯಬಲ್ಲದು.

ಆದರೆ ಕಲ್ಪಿತ ಯಂತ್ರವನ್ನು ಬಿಟ್ಟು ಮುಂದೆ ಹೋದವನೂ ಅದರಿಂದ ದೂರವಾಗುವುದಿಲ್ಲ. ಅಮೆಜಾನ್ ಕಂಪನಿಯು 2006ರಲ್ಲಿ ಬಾಡಿಗೆಗೆ ಕೊಡಲಾರಂಭಿಸಿದ ಗಣಕಗಳು ವರ್ಚುವಲ್ ಮಷಿನ್‌ಗಳೇ; ಮರುವರ್ಷ ಕೆವಿಎಂ ಎಂಬ ರೂಪದಲ್ಲಿ ಈ ವಿದ್ಯೆಯು ಲಿನಕ್ಸ್ ಕರ್ನೆಲ್ಲಿನ ಅಂಗವೇ ಆಯಿತು. ಇಂದು ಕ್ಲೌಡ್ ಎಂದು ಕರೆಯಿಸಿಕೊಳ್ಳುವ ಉದ್ಯಮದ ತಳಹದಿ ಇದು. ಬೆಂಗಳೂರಿನ ಅಸಂಖ್ಯಾತ ಇಂಜಿನಿಯರುಗಳು ದಿನವೂ ಜೀವನೋಪಾಯಕ್ಕಾಗಿ ಮಾಡುವ ಕೆಲಸವೂ ಇಂಥದೇ. ಗದಗಿನಲ್ಲೋ ಸಾಗರದಲ್ಲೋ ಚಾಮರಾಜನಗರದಲ್ಲೋ ಕುಳಿತ ವಿದ್ಯಾರ್ಥಿಯು ಮನೆಯ ಲ್ಯಾಪ್‌ಟಾಪಿನಲ್ಲಿ ಎರಡು ಕಲ್ಪಿತ ಯಂತ್ರಗಳನ್ನು ನಿರ್ಮಿಸಿ, ಅವನ್ನು ಒಂದಕ್ಕೊಂದು ಜಾಲದಿಂದ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಸೇವೆ ಒದಗಿಸಲು ಕಲಿತನೆಂದರೆ, ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ನಡೆಯುವ ವ್ಯವಹಾರದ ಮೂಲತತ್ತ್ವವು ಅವನಿಗೆ ಕರಗತವಾದಂತೆಯೇ. ಅದಕ್ಕೆ ದುಬಾರಿ ತರಬೇತಿಯ ಶುಲ್ಕವಾಗಲಿ ನಗರವಾಸವಾಗಲಿ ಅನಿವಾರ್ಯವಲ್ಲ.

ಆದಕಾರಣ ಕಾಲೇಜುಗಳ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ: ಪ್ರಯೋಗಾಲಯದ ಗಣಕಗಳನ್ನು ಹುಡುಗರು ಕೆಡಿಸಿಯಾರೆಂದು ಸೆಟ್ಟಿಂಗುಗಳಿಗೆ ಬೀಗ ಹಾಕಿಡುವುದಕ್ಕಿಂತ, ಒಬ್ಬೊಬ್ಬನಿಗೂ ಒಂದೊಂದು ವರ್ಚುವಲ್ ಮಷಿನ್ನನ್ನು ಕೊಟ್ಟು, ಇದನ್ನು ಕೆಡಿಸಿ ಸರಿಮಾಡಿ ತೋರಿಸೆಂದು ಹೇಳಿರಿ. ಓದುಗರಲ್ಲಿ ಹೇಳುವ ಮಾತೂ ಅದೇ. ಹೊಸ ಗಣಕವನ್ನು ಕೊಳ್ಳುವ ಅಗತ್ಯವಿಲ್ಲ, ಇರುವುದನ್ನು ಅಳಿಸುವ ಅಗತ್ಯವಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಿಡುವಾದ ಒಂದು ದಿನ ವರ್ಚುವಲ್‌ಬಾಕ್ಸನ್ನು ಇಳಿಸಿಕೊಂಡು ಲಿನಕ್ಸನ್ನು ಸ್ಥಾಪಿಸಿರಿ. ಸ್ಥಾಪನೆ ಮುಗಿದೊಡನೆ, ಬೇರೆ ಏನನ್ನೂ ಮುಟ್ಟುವ ಮೊದಲು, ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿರಿ. ಆಮೇಲೆ ಯಾವುದನ್ನು ಮುಟ್ಟಲೂ ಅಂಜಬೇಡಿರಿ.